ಬಳೆ ದಾಟದ ಕುಡಿಕೆ

ನಾನು ಸಂಜೆ ಐದು ಗಂಟೆಗೆ ಊಟ ಮಾಡುತ್ತೇನೆ ಎಂಬುದು ನಮ್ಮ ಊರಿಗೆಲ್ಲ ಒಂದು ತಮಾಷೆಯಾಗಿತ್ತು. "ಚಂಪವ್ವಂದು ಊಟ ಆತೇನು? ಹಂಗಾರ ದನಾ ಮನಿಗೆ ಬರೂ ಹೊತ್ತಾತು ನೋಡ್ರಿ" ಎಂದು ಬಾವಿಕಟ್ಟೆಯ ಹೆಂಗಸರು ನಗುತ್ತಿದ್ದರು. ಗಡಿಗೆಯ ಬಾಯಿ ಮುಚ್ಚಬಹುದು, ಜನರ ಬಾಯಿ ಮುಚ್ಚಲಾಗುತ್ತದೆಯೇ. ನಾನೂ ನಕ್ಕು ನನ್ನ ಕೊಡ ತುಂಬಿಕೊಂಡು ಬರುತ್ತಿದ್ದೆ. ಅವರಿಗೆ ಗೊತ್ತಿಲ್ಲದ ಸಂಗತಿಯೆಂದರೆ ನಾನು ಒಬ್ಬಳೇ ಉಣ್ಣುತ್ತಿರಲಿಲ್ಲ. ಹನ್ನೊಂದು ಜನರ ಜೊತೆ ಉಣ್ಣುತ್ತಿದ್ದೆ. ಅವರಿಗೆ ಮಧ್ಯಾಹ್ನವಾಗುವುದು ನಮ್ಮ ಸಂಜೆ ಐದಕ್ಕೆ.

ನಮ್ಮ ಊರಿನಲ್ಲಿ ಯಾರೂ ಏನನ್ನೂ ಆರಿಸುವುದಿಲ್ಲ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ಬುಟ್ಟಿಯೊಳಗೆ ಕೈ ಹಾಕಿ ಸಿಕ್ಕಿದ್ದನ್ನು ತೂಗಿಸಿಕೊಂಡು ಬರುತ್ತೇವೆ. ಎಳೆಯದೂ ಬರುತ್ತದೆ, ಹುಳುಕೂ ಬರುತ್ತದೆ. ಮಗುವಿನ ಹೆಸರನ್ನು ಚೀಟಿ ಎತ್ತಿ ಇಡುತ್ತೇವೆ, ಹಾಗಾಗಿ ನಮ್ಮ ಓಣಿಯ ದೊಡ್ಡ ಜಗಳಗಂಟಿಯ ಹೆಸರು ಶಾಂತವ್ವ. ಮದುವೆಗೂ ಚೀಟಿಯೇ. ನನ್ನ ಸರದಿ ಬಂದ ವರ್ಷ ಗಂಡುಗಳು ಹದಿನೇಳು, ಹೆಣ್ಣುಗಳು ಹದಿನೆಂಟು. ಎಲ್ಲರೂ ಎತ್ತಿ ಮುಗಿಸಿದ ಮೇಲೆ ಗಡಿಗೆಯ ತಳದಲ್ಲಿ ಒಂದು ಚೀಟಿ ಉಳಿಯಿತು, ಅದು ನನ್ನದು. ಯಾರೂ ನನ್ನನ್ನು ಬೇಡ ಎನ್ನಲಿಲ್ಲ. ಬೇಡ ಎನ್ನುವುದೂ ಆರಿಸಿದಂತೆಯೇ ಅಲ್ಲವೇ. ನಾನು ಸುಮ್ಮನೆ ಉಳಿದುಕೊಂಡೆ. ಆಗ ಇಪ್ಪತ್ತು, ಈಗ ಐವತ್ತೆರಡು.

ಊರು ಬದುಕುವುದೂ ಇದೇ ರೀತಿಯಲ್ಲಿ. ಲೋಕದಲ್ಲಿ ಎಲ್ಲೆಲ್ಲಿ ಯಾವ ಕಂಪನಿ ಇದೆಯೋ ಅದರಲ್ಲೆಲ್ಲ ನಮ್ಮ ಊರಿಗೆ ಒಂದು ಪಾಲು ಇರಬೇಕು. ದೊಡ್ಡದರಲ್ಲಿ ದೊಡ್ಡ ಪಾಲು, ಸಣ್ಣದರಲ್ಲಿ ಸಣ್ಣ ಪಾಲು. ಇದು ಚಲೋ, ಅದು ಕೆಟ್ಟದ್ದು ಎಂದು ನೋಡುವಂತಿಲ್ಲ. ಆ ಪಾಲಿನಿಂದಲೇ ಊರಿನ ನೀರು, ದೀಪ, ಶಾಲೆ, ಮುದುಕರ ಗಂಜಿ. ಹೊಸ ಪಾಲು ಕೊಂಡ ದಿನ ಕುಂಬಾರರ ಮನೆಯಿಂದ ಒಂದು ಹೊಸ ಕುಡಿಕೆ ಬರುತ್ತದೆ. ಮೂರನೆಯ ದಿನಕ್ಕೆ ಅದರೊಳಗಿನಿಂದ ಆ ಕಂಪನಿಯ ಸಪ್ಪಳ ಕೇಳಿಸತೊಡಗುತ್ತದೆ. ಕಂಪನಿ ಬೆಳೆದರೆ ಕುಡಿಕೆಯೂ ಬೆಳೆಯುತ್ತದೆ, ಮುಳುಗಿದರೆ ಟಪ್ಪೆಂದು ಒಡೆಯುತ್ತದೆ. ಚೂರುಗಳನ್ನು ಬಳಿದು ತಿಪ್ಪೆಗೆ ಹಾಕುತ್ತೇವೆ.

ಊರ ನಡುವಿನ ಅಂಗಳದ ಎರಡು ಬದಿಗೆ ಎರಡು ಕೋಣೆಗಳಿವೆ. ಒಂದು ಹಂಡೆ ಕೋಣೆ. ಹಡಗಿನವರು, ಔಷಧಿಯವರು, ಫೋನಿನವರು, ಸಿಮೆಂಟಿನವರು, ಹೀಗೆ ಲೋಕವೆಲ್ಲ ಹೆಸರು ಬಲ್ಲ ದೊಡ್ಡವರೆಲ್ಲ ಅಲ್ಲಿ ಸೊಂಟದೆತ್ತರದ ಹಂಡೆಗಳಾಗಿ ಕುಳಿತು ಗುಡುಗುತ್ತಿರುತ್ತಾರೆ. ಅದನ್ನು ನೋಡಿಕೊಳ್ಳುತ್ತಿದ್ದವನು ಈರಸಂಗಪ್ಪ. ನಲವತ್ತು ವರ್ಷ ಆ ಗದ್ದಲದಲ್ಲಿ ಕುಳಿತು ಅವನ ಕಿವಿ ಹೋಗಿತ್ತು. ತನಗೆ ಕೇಳಿಸದ್ದರಿಂದ ಬೇರೆಯವರಿಗೂ ಕೇಳಿಸುವುದಿಲ್ಲವೆಂದು ತಿಳಿದು ಕೂಗಿಯೇ ಮಾತಾಡುತ್ತಿದ್ದ. ಇನ್ನೊಂದು ನನ್ನ ಕುಡಿಕೆ ಕೋಣೆ. ಆರುನೂರು ಕುಡಿಕೆಗಳು, ಎಲ್ಲವನ್ನೂ ಸೇರಿಸಿದರೂ ಹಂಡೆಗಳ ಹತ್ತರಲ್ಲಿ ಒಂದು ಪಾಲು ಆಗಲಿಕ್ಕಿಲ್ಲ. ಆದರೆ ಒರೆಸುವ ಕೆಲಸ ಹತ್ತುಪಟ್ಟು. ದಿನಕ್ಕೊಮ್ಮೆ ಒಂದೊಂದಕ್ಕೂ ಕಿವಿಯಿಟ್ಟು ಬದುಕಿದೆಯೋ ಇಲ್ಲವೋ ನೋಡಬೇಕು. ಹಿಂದೊಂದು ವರ್ಷ ಹಂಡೆಗಳೆಲ್ಲ ಒಂದರ ಬೆನ್ನಿಗೊಂದು ಕುಗ್ಗಿದಾಗ ನಲವತ್ತೋ ಐವತ್ತೋ ಕುಡಿಕೆಗಳು ಜಗ್ಗದೆ ಕುಳಿತಿದ್ದವಂತೆ, ಮುದುಕರಿಗೆ ಆ ವರ್ಷವೂ ಗಂಜಿ ತಪ್ಪಲಿಲ್ಲವಂತೆ. ಅದು ನಾನು ಹುಟ್ಟುವ ಮೊದಲಿನ ಮಾತು, ಈಗ ಯಾರಿಗೆ ನೆನಪು.

ಆ ಹನ್ನೊಂದು ಜನ ಒಂಬತ್ತು ವರ್ಷದ ಹಿಂದೆ ಬಂದರು. ಕುಡಿಕೆಯ ಕೊರಳಿಗೆ ಕಟ್ಟಿದ್ದ ಚೀಟಿಯಲ್ಲಿ "ಆಸ್ಪತ್ರೆ ಮಂಚದ ಗಾಲಿ" ಎಂದಷ್ಟೇ ಇತ್ತು. ಯಾವ ದೇಶವೋ, ಯಾವ ಭಾಷೆಯೋ ನನಗೆ ಇವತ್ತಿಗೂ ತಿಳಿಯದು. ಮೊದಲ ದಿನ ಕಿವಿಯಿಟ್ಟಾಗ ಗಾಲಿಗಳನ್ನು ನೆಲದ ಮೇಲೆ ಉರುಳಿಸಿ ನೋಡುವ ಸಪ್ಪಳ, ಯಾರೋ ಗುನುಗುವುದು ಕೇಳಿಸಿತು. ಸಂಜೆ ಐದಕ್ಕೆ ಸರಿಯಾಗಿ ಎಲ್ಲ ನಿಂತು, ಬೆಂಚು ಎಳೆದ ಸದ್ದಾಗಿ, ಚಮಚಗಳ ಸಪ್ಪಳ ಶುರುವಾಯಿತು. ಕಣ್ಣು ಮುಚ್ಚಿ ಎಣಿಸಿದೆ, ಹನ್ನೊಂದು ಚಮಚ. ಒಬ್ಬ ಪ್ರತಿ ತುತ್ತಿಗೂ ಕೆಮ್ಮುತ್ತಿದ್ದ, ಅವನಿಗೆ ಕೆಮ್ಮಪ್ಪ ಎಂದು ಹೆಸರಿಟ್ಟೆ. ಯಾರಾದರೂ ಏನಾದರೂ ನಗೆಮಾತು ಹೇಳಿದರೆ ಎಲ್ಲರೂ ನಕ್ಕು ಮುಗಿದ ಮೇಲೆ ಒಬ್ಬ ಹೆಂಗಸು ತಡವಾಗಿ ನಗುತ್ತಿದ್ದಳು. ಅವಳು ತಡವ್ವ. ಅವಳ ನಗೆಗೆ ಉಳಿದವರು ಮತ್ತೆ ನಗುತ್ತಿದ್ದರು. ಮರುದಿನ ನನ್ನ ಬುತ್ತಿಯನ್ನು ಕೋಣೆಗೇ ತಂದು ಐದು ಗಂಟೆಗೆ ಬಿಚ್ಚಿದೆ.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗೋಡೆ ನೋಡಿಕೊಂಡು ಉಂಡವಳಿಗೆ ಇದು ಏನೆಂದು ಹಾಗೆ ಉಂಡವರಿಗೇ ಗೊತ್ತು. ಅವರ ಮಾತು ತಿಳಿಯದಿದ್ದರೂ ಅವರು ನಕ್ಕಾಗ ನಾನೂ ನಗುತ್ತಿದ್ದೆ. ಕೆಮ್ಮಪ್ಪನ ಕೆಮ್ಮು ಹೆಚ್ಚಾದ ದಿನ ನನ್ನ ಗಂಟಲಲ್ಲಿ ರೊಟ್ಟಿ ಇಳಿಯುತ್ತಿರಲಿಲ್ಲ. ಒಮ್ಮೆ ತಡವ್ವ ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ಅವಳ ನಗೆ ಕೇಳಿಸಿದಾಗ ನಾನು ಎದ್ದು ಹೋಗಿ ಬೆಲ್ಲ ತಂದು ತಿಂದೆ. ಉಳಿದ ಕುಡಿಕೆಗಳಿಗೂ ನಾನು ಕಿವಿಯಿಡುತ್ತಿದ್ದೆ, ಒರೆಸುತ್ತಿದ್ದೆ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೆ ಕಾಯುತ್ತಿದ್ದದ್ದು ಒಂದಕ್ಕೆ ಮಾತ್ರ. ನಮ್ಮ ಊರಿನಲ್ಲಿ ಅದಕ್ಕೆ ಒಂದು ಹೆಸರಿದೆ, ಆ ಹೆಸರನ್ನು ನಾನು ನನ್ನ ಮನಸ್ಸಿನಲ್ಲೂ ಹೇಳಿಕೊಳ್ಳುತ್ತಿರಲಿಲ್ಲ.

ಆರನೆಯ ವರ್ಷ ಗಾಲಿಯವರ ಕುಡಿಕೆ ಉಬ್ಬತೊಡಗಿತು. ಚಮಚಗಳು ಹದಿನೈದಾದವು, ಇಪ್ಪತ್ತಾದವು. ನನ್ನ ಕೋಣೆಯ ಬಾಗಿಲಿಗೆ ಕಬ್ಬಿಣದ ಒಂದು ಬಳೆ ತೂಗುಹಾಕಿದೆ. ವರ್ಷಕ್ಕೊಮ್ಮೆ ಊರ ದೈವ ಕೂಡುತ್ತದೆ, ಅಂದರೆ ಹಿರಿಯರೆಲ್ಲ ಅಂಗಳದಲ್ಲಿ ಸೇರುತ್ತಾರೆ. ಅದಕ್ಕೆ ಮೊದಲು ಪ್ರತಿಯೊಂದು ಕುಡಿಕೆಯನ್ನೂ ಆ ಬಳೆಯೊಳಗೆ ತೂರಿಸಿ ನೋಡಬೇಕು. ಬಳೆ ದಾಟಿದರೆ ಅದು ಇನ್ನೂ ಕುಡಿಕೆ. ಹೊಟ್ಟೆ ಸಿಕ್ಕಿಕೊಂಡರೆ ಅದು ಹಂಡೆ ಕೋಣೆಗೆ ಹೋಗಬೇಕು, ಊರೆಲ್ಲ ಡೊಳ್ಳು ಬಾರಿಸಿ ಅದನ್ನು ಅಂಗಳ ದಾಟಿಸುತ್ತದೆ. ಎರಡು ಮೂರು ವರ್ಷಕ್ಕೆ ಒಂದು ಹೋದರೆ ಹೆಚ್ಚು. ಆ ವರ್ಷ ಯಾರೂ ಇಲ್ಲದಾಗ ನಾನು ಗಾಲಿಯವರನ್ನು ಬಳೆಗೆ ಹಿಡಿದು ನೋಡಿದೆ. ಒಂದು ಕೂದಲೆಳೆಯಷ್ಟು ಸಿಕ್ಕಿಕೊಂಡಿತು.

ನಾನು ಒಂದು ಇಟ್ಟಂಗಿಯ ಚೂರು ತಂದು ಅದರ ಹೊಟ್ಟೆಯನ್ನು ತಿಕ್ಕಿದೆ. ಹೆಚ್ಚೇನೂ ಅಲ್ಲ, ಬಳೆ ದಾಟುವಷ್ಟು. ಇಲ್ಲಿಯವರೆಗೆ ಯಾವ ಕುಡಿಕೆ ಕೋಣೆಯವರೂ ಮಾಡದಿದ್ದ ಕೆಲಸ ಅದು. ಹಂಡೆಗಳ ಆ ಗದ್ದಲದಲ್ಲಿ ನನ್ನ ಮೊದಲಿನ ಹನ್ನೊಂದು ಚಮಚಗಳನ್ನು ಯಾರು ಕೇಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಮರುವರ್ಷವೂ ತಿಕ್ಕಿದೆ, ಅದರ ಮರುವರ್ಷವೂ. ಕಡೆಕಡೆಗೆ ವಾರಕ್ಕೊಮ್ಮೆ ತಿಕ್ಕಬೇಕಾಯಿತು. ಒಳಗೆ ಕುಡಿಕೆ ಬೆಳೆಯುತ್ತಲೇ ಇತ್ತು, ಹೊರಗೆ ನಾನು ಸವೆಸುತ್ತಲೇ ಇದ್ದೆ, ಅದರ ಗೋಡೆ ಹಪ್ಪಳದಷ್ಟು ತೆಳ್ಳಗಾಗಿತ್ತು.

ಇದರಿಂದ ಇನ್ನೊಂದು ಆಗುತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ. ನಾನು ತಿಕ್ಕತೊಡಗುವುದಕ್ಕೆ ಮುಂಚಿನ ಎರಡು ವರ್ಷ ಯಾವ ಕುಡಿಕೆಯೂ ಬಳೆಗೆ ಸಿಕ್ಕಿರಲಿಲ್ಲ. ನನ್ನ ಮೂರು ವರ್ಷ ಸೇರಿ ಐದು ವರ್ಷ ಅಂಗಳದಲ್ಲಿ ಡೊಳ್ಳು ಬಾರಿಸಲಿಲ್ಲ. ಒಡೆದವು ಮಾತ್ರ ಮೂವತ್ತಕ್ಕೂ ಹೆಚ್ಚು. ಈ ವರ್ಷ ದೈವ ಕೂಡಲು ಒಂದು ತಿಂಗಳಿರುವಾಗ ಈರಸಂಗಪ್ಪ ನಾನು ಚೂರು ಬಳಿಯುತ್ತಿದ್ದಲ್ಲಿಗೆ ಬಂದು ನಿಂತ.

"ಚಂಪವ್ವಾ, ಈ ಸಲ ನಿನ್ನ ಕ್ವಾಣಿ ಮುಚ್ಚಾಕ ಹೇಳಾವ ಅದೀನಿ," ಎಂದು ಕೂಗಿದ. "ಸಿಟ್ಟಾಗಬ್ಯಾಡ!"

"ಯಾಕಣ್ಣಾ?"

"ಹಾಂ?"

"ಯಾಕ ಮುಚ್ಚತೀರಿ?" ಎಂದು ನಾನೂ ಕೂಗಿದೆ.

"ಏನೈತಿ ಅದರಾಗ? ನಾ ಖುದ್ದ ಬಂದು ನಾಕೈದಕ್ಕ ಕಿವಿ ಹಚ್ಚಿ ನೋಡೇನಿ. ಒಂದೂ ಪಿಟ್ಟನ್ನೂದಿಲ್ಲ! ಇದ್ದರೂ ಅಷ್ಟ, ಇಲ್ಲದಿದ್ದರೂ ಅಷ್ಟ. ಹಂಡೆ ಒಂದ ಇಟ್ಕೊಂಡ್ರ ಸಾಕು ಊರಿಗೆ. ನಿನಗೂ ಆರಾಮ."

ಕೋಣೆ ಮುಚ್ಚುವುದೆಂದರೆ ಬಾಗಿಲಿಗೆ ಬೀಗ ಹಾಕುವುದಲ್ಲ. ಆರುನೂರು ಪಾಲುಗಳನ್ನೂ ಬಿಟ್ಟುಕೊಡುತ್ತಾರೆ. ಬಿಟ್ಟುಕೊಟ್ಟ ಕ್ಷಣ ಕುಡಿಕೆಗಳು ಮೂಕವಾಗುತ್ತವೆ. ಆಮೇಲೆ ಅವನ್ನು ಮನೆಗೊಂದರಂತೆ ಉಪ್ಪು ಹಾಕಿಡಲು ಹಂಚುತ್ತಾರೆ. ಗಾಲಿಯವರೂ ಉಪ್ಪಿನ ಕುಡಿಕೆಯಾಗುತ್ತಾರೆ. ಅವರಷ್ಟೇ ಅಲ್ಲ, ಅಂಗಿಯ ಗುಂಡಿ ಮಾಡುವವರು, ಕೊಡೆಯ ಕಡ್ಡಿಯವರು, ಮೇಣದ ಬತ್ತಿಯವರು, ಎಲ್ಲರೂ. ಆ ದಿನ ನನಗೆ ಅನ್ನ ಸೇರಲಿಲ್ಲ. ಒಂದು ಕುಡಿಕೆ ಬಳೆಗೆ ಸಿಕ್ಕಿಕೊಂಡರೆ ಸಾಕು, ಕೋಣೆ ಉಳಿಯುತ್ತದೆ. ಸಿಕ್ಕಿಕೊಳ್ಳುವ ಕುಡಿಕೆ ನನ್ನ ಬಳಿ ಇದೆ. ಅದನ್ನು ಕೊಟ್ಟರೆ ನನಗೆ ಊಟಕ್ಕೆ ಯಾರೂ ಇರುವುದಿಲ್ಲ. ಕೊಡದಿದ್ದರೂ ಇರುವುದಿಲ್ಲ ಎಂದು ಲೆಕ್ಕ ಹಾಕುವಷ್ಟು ಬುದ್ಧಿ ನನಗಿತ್ತು. ಆದರೂ ಕೈ ಬರಲಿಲ್ಲ. ಬೇರೆ ಯಾವುದಾದರೂ ಕುಡಿಕೆ ಸಿಕ್ಕಿಕೊಂಡೀತು ಎಂದು ಒಂದು ತಿಂಗಳು ಆರುನೂರನ್ನೂ ಬಳೆಗೆ ಹಿಡಿದು ನೋಡಿದೆ. ಗುಂಡಿಯವರ ಕುಡಿಕೆಗೆ ಇನ್ನೂ ನಾಲ್ಕು ಬೆರಳು ಜಾಗವಿತ್ತು. ಉಳಿದವುಗಳ ಮಾತೇ ಬೇಡ.

ದೈವ ಕೂಡುವ ಹಿಂದಿನ ದಿನ ಗಾಲಿಯವರನ್ನು ಬಳೆಗೆ ಹಿಡಿದರೆ ಅರ್ಧ ಬೆರಳು ಹೊರಗೆ ಉಳಿಯಿತು. ಅಷ್ಟು ತಿಕ್ಕಲು ಅದರಲ್ಲಿ ಮಣ್ಣೇ ಉಳಿದಿರಲಿಲ್ಲ. ಆದರೂ ಇಟ್ಟಂಗಿ ಎತ್ತಿಕೊಂಡೆ. ಹೆದರಿಕೆ ಬುದ್ಧಿಯನ್ನು ಕೇಳುತ್ತದೆಯೇ. ಮೂರು ಸಲ ಎಳೆದಿರಬಹುದು, ಒಳಗೆ ಸಪ್ಪಳವೆಲ್ಲ ಒಮ್ಮೆಗೇ ನಿಂತಿತು. ಐದು ಗಂಟೆಯೇನೂ ಆಗಿರಲಿಲ್ಲ. ಗಾಲಿಗಳು ನಿಂತವು, ಯಂತ್ರಗಳು ನಿಂತವು, ಅಷ್ಟು ಜನ ಉಸಿರು ಹಿಡಿದು ಏನನ್ನೋ ಕೇಳಿಸಿಕೊಳ್ಳುತ್ತಿರುವಂತೆ ಇತ್ತು. ನನ್ನ ಕೈಯಿಂದ ಇಟ್ಟಂಗಿ ಜಾರಿ ಬಿತ್ತು. ಕಂಪನಿ ಮುಳುಗಿದರೆ ಕುಡಿಕೆ ಒಡೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ಕುಡಿಕೆಯನ್ನೇ ಒಡೆದರೆ ಅಲ್ಲಿ ಏನಾಗುತ್ತದೆ ಎಂದು ಯಾರೂ ನೋಡಿದವರಿಲ್ಲ. ನಾನು ನೆಲದ ಮೇಲೆ ಕುಳಿತು ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡು, "ತಪ್ಪಾತ್ರೆಪ್ಪಾ, ತಪ್ಪಾತು" ಎಂದು ಅಳುತ್ತ ಹೇಳಿದೆ. ಎಷ್ಟೋ ಹೊತ್ತಿನ ಮೇಲೆ ಒಂದು ಗಾಲಿ ಉರುಳಿತು, ಆಮೇಲೆ ಇನ್ನೊಂದು.

ಐದಕ್ಕೆ ಅವರು ಊಟಕ್ಕೆ ಕುಳಿತರು. ನಾನೂ ಕುಳಿತೆ. ಚಮಚಗಳನ್ನು ಎಣಿಸಲು ಹೋದೆ. ಅರವತ್ತರ ಮೇಲೆ ಎಣಿಕೆ ತಪ್ಪಿತು. ಬಹಳ ದಿನಗಳಿಂದ ನಾನು ಎಣಿಸುವುದನ್ನೇ ಬಿಟ್ಟಿದ್ದೆ. ಕೆಮ್ಮಪ್ಪನ ಕೆಮ್ಮು ಎಲ್ಲಿಯೂ ಇರಲಿಲ್ಲ. ಯಾರೋ ನಗೆಮಾತು ಹೇಳಿದರು, ಎಲ್ಲರೂ ನಕ್ಕರು, ನಗೆ ನಿಂತಿತು. ನಾನು ತುತ್ತು ಕೈಯಲ್ಲಿ ಹಿಡಿದು ಕಾಯ್ದೆ. ತಡವಾಗಿ ಯಾರೂ ನಗಲಿಲ್ಲ. ಅವಳು ಹೋಗಿ ಒಂದು ವರ್ಷದ ಮೇಲಾಗಿತ್ತು. ರಜೆಯ ಮೇಲೆ ಇದ್ದಾಳೆ, ನಾಳೆ ಬರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡು ದಿನ ದೂಡಿದ್ದೆ, ಅಷ್ಟೇ.

ಮರುದಿನ ಮುಂಜಾನೆ ಅಂಗಳದಲ್ಲಿ ದೈವ ಕೂಡಿತು. ನಡುವೆ ಕುಳಿತವಳು ಶಿವಗಂಗಕ್ಕ, ಎಂಬತ್ತು ದಾಟಿದ ನಮ್ಮ ಹಿರಿಯಳು. ಈರಸಂಗಪ್ಪ ಎದ್ದು ನಿಂತು ಊರೆಲ್ಲ ಕೇಳುವಂತೆ ಹೇಳಿದ.

"ಐದ ವರ್ಷಾತು! ಒಂದರ ಕುಡಿಕಿ ಹಂಡೆ ಆತೇನು? ಬರೇ ಚೂರ ಬಳಿಯೂದ ಆತು!"

"ಇವತ್ತಿನ ಹಂಡೆ ಎಲ್ಲಾ ಒಂದ ಕಾಲಕ್ಕ ಕುಡಿಕಿನ ಇದ್ದುವೋ ತಮ್ಮಾ," ಎಂದಳು ಶಿವಗಂಗಕ್ಕ. "ಯಾವುದು ಬೆಳೀತೈತಿ, ಯಾವುದು ಒಡೀತೈತಿ ನಮಗೇನ ಗೊತ್ತು? ಗೊತ್ತಿಲ್ಲ ಅಂತನ ಎಲ್ಲಾ ಇಟ್ಕೊಂಡೀವಿ."

ಈರಸಂಗಪ್ಪನಿಗೆ ಅದು ಕೇಳಿಸಲಿಲ್ಲ. ಕೇಳಿಸಿದವರು ಹಿಂದಿನಿಂದ, "ಗೊತ್ತಿಲ್ಲ ಗೊತ್ತಿಲ್ಲ ಅಂತ ಎಷ್ಟ ವರ್ಷಾ ಒರಸ್ಕೋಂತ ಕುಂದ್ರೂದಬೇ? ಐದ ವರ್ಷದಾಗ ಒಂದೂ ಇಲ್ಲಂದ್ರ ಏನರ ಅರ್ಥ ಐತೇನು?" ಎಂದರು. ಬಹಳ ತಲೆಗಳು ಹೌದು ಹೌದು ಎಂದು ಆಡಿದವು. ಶಿವಗಂಗಕ್ಕ ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ಸೋತ ಗುರುತಿತ್ತು. ನಾನು ಸುಮ್ಮನಿದ್ದರೆ ಮಧ್ಯಾಹ್ನದ ಹೊತ್ತಿಗೆ ಆರುನೂರು ಕುಡಿಕೆಗಳು ಮೂಕವಾಗುತ್ತಿದ್ದವು.

ನಾನು ಒಳಗೆ ಹೋಗಿ ಗಾಲಿಯವರನ್ನು ಸೆರಗಿನಲ್ಲಿ ಹಿಡಿದು ತಂದೆ. ಬಳೆಯನ್ನು ಬಾಗಿಲಿನಿಂದ ಬಿಚ್ಚಿ ಶಿವಗಂಗಕ್ಕನ ಮುಂದೆಯೇ ಕುಡಿಕೆಯ ಮೇಲೆ ಇಟ್ಟೆ. ಅದು ಹೊಟ್ಟೆಯ ಮೇಲೆ ಕುಳಿತಿತು, ಕೆಳಗೆ ಇಳಿಯಲಿಲ್ಲ. ಯಾರೋ ಹೋ ಎಂದು ಕೂಗಿದರು, ಡೊಳ್ಳು ತರಲು ಒಬ್ಬರು ಓಡಿದರು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ನಡೆಯುತ್ತಿತ್ತು. ಆದರೆ ಶಿವಗಂಗಕ್ಕ ಕುಡಿಕೆಯ ಹೊಟ್ಟೆಯ ಮೇಲೆ ಬೆರಳಾಡಿಸಿದಳು. ಮುದುಕಿಯ ಬೆರಳಿಗೆ ತಿಕ್ಕಿದ ಗೀರುಗಳು ಸಿಕ್ಕವು.

"ಇದೇನವ್ವಾ?"

"ನಾ ತಿಕ್ಕೇನಿ, ಅಕ್ಕಾ. ಮೂರ ವರ್ಷದ ಹಿಂದ ಹೋಗಬೇಕಾಗಿತ್ತು ಇದು. ಬಳಿ ದಾಟ್ಲಿ ಅಂತ ಇಟ್ಟಂಗಿಲೆ ತಿಕ್ಕಿ ತಿಕ್ಕಿ ಇಟ್ಕೊಂಡೆ."

"ಯಾಕ?"

"ಊಟಕ್ಕ ಜೋಡಿ ಇರ್ಲಿ ಅಂತ."

ಬಾವಿಕಟ್ಟೆಯ ಹೆಂಗಸರು ಅಲ್ಲಿಯೇ ಇದ್ದರು. ಯಾರಾದರೂ ನಕ್ಕಾರು ಎಂದು ಕಾಯ್ದೆ, ನಗಲಿಲ್ಲ. ಶಾಂತವ್ವ ಸೆರಗನ್ನು ಬಾಯಿಗೆ ಹಿಡಿದುಕೊಂಡಳು.

"ಅಂದ್ರ ಆರಿಸಿದಿ," ಎಂದಳು ಶಿವಗಂಗಕ್ಕ ಮೆಲ್ಲಗೆ.

"ಹೌದು. ಆರಿಸಿದೆ."

ಮೂವತ್ತು ವರ್ಷದಲ್ಲಿ ಯಾರ ಮುಂದೆಯೂ ಅಷ್ಟು ನೆಟ್ಟಗೆ ನಿಂತು ನಾನು ಮಾತಾಡಿರಲಿಲ್ಲ. ನಾಚಿಕೆಯಾಯಿತು, ನಿಜ. ಆದರೆ ನಾಚಿಕೆಯ ಅಡಿಯಲ್ಲಿ ಇನ್ನೇನೋ ಇತ್ತು. ಒಂದನ್ನಾದರೂ ನಾನು ಆರಿಸಿದ್ದೆ ಎಂಬ ಹೆಮ್ಮೆಯೇ ಅದು ಎಂದು ಈಗ ಹೇಳಬಲ್ಲೆ.

ಹಿರಿಯರು ಮಧ್ಯಾಹ್ನದವರೆಗೆ ಮಾತಾಡಿದರು. ಕುಡಿಕೆ ಕೋಣೆ ಉಳಿಯಿತು. ಇನ್ನು ಅದನ್ನು ಮುಚ್ಚುವ ಮಾತು ಎತ್ತಬಾರದೆಂದೂ ಆಯಿತು. ಉಳಿದದ್ದು ನನ್ನ ತಪ್ಪು. ನಮ್ಮಲ್ಲಿ ಅದಕ್ಕೆ ಹಳೆಯ ಕಟ್ಟಳೆಯಿದೆ: ಆರಿಸಿದವರು ತಾವು ಆರಿಸಿದ್ದರ ಜೊತೆಗೇ ಹೋಗಬೇಕು, ಬಿಟ್ಟದ್ದರ ಹೊಸ್ತಿಲು ಮತ್ತೆ ತುಳಿಯಬಾರದು. ಹಾಗಾಗಿ ಗಾಲಿಯವರ ಕುಡಿಕೆಯ ಜೊತೆ ನಾನೂ ಹಂಡೆ ಕೋಣೆಗೆ. ಇದ್ದವರು ಇಬ್ಬರೇ ಆದ್ದರಿಂದ ಈರಸಂಗಪ್ಪ ಕುಡಿಕೆ ಕೋಣೆಗೆ. ಅವನ ಕಿವಿಯ ವಿಷಯ ಎಲ್ಲರಿಗೂ ಗೊತ್ತಿತ್ತು. ಆದರೆ ಕಿವಿ ಇದ್ದವರನ್ನು ಹುಡುಕಿ ಕೂರಿಸಿದರೆ ಅದೂ ಆರಿಸಿದಂತೆಯೇ ಆಗುತ್ತಿತ್ತು. ಡೊಳ್ಳು ಬಾರಿಸಿದರು. ನಾನು ಕುಡಿಕೆ ಹಿಡಿದು ಅಂಗಳ ದಾಟಿದೆ.

ಹಂಡೆ ಕೋಣೆಯಲ್ಲಿ ಗಾಲಿಯವರೇ ಎಲ್ಲರಿಗಿಂತ ಸಣ್ಣವರು. ಒಂದು ಬದಿಗೆ ಹಡಗಿನ ಹಂಡೆ, ಇನ್ನೊಂದು ಬದಿಗೆ ಔಷಧಿಯ ಹಂಡೆ. ಮೊದಲ ದಿನ ಐದಕ್ಕೆ ಬುತ್ತಿ ಬಿಚ್ಚಿ ಕಿವಿಯಿಟ್ಟೆ. ಹಡಗಿನ ಹಂಡೆಯ ಗುಡುಗು ಬಿಟ್ಟರೆ ಏನೂ ಇಲ್ಲ. ಕಿವಿಯ ಸುತ್ತ ಬಟ್ಟೆ ಸುತ್ತಿಕೊಂಡೆ, ಕಂಬಳಿ ಹೊದ್ದುಕೊಂಡು ಅದರೊಳಗೆ ಕುಡಿಕೆಯನ್ನು ಎಳೆದುಕೊಂಡೆ. ಮೈಯೆಲ್ಲ ಬೆವರಿತು, ಅಷ್ಟೇ. ಮೂರು ದಿನ ಹಾಗೆ ಮಾಡಿದೆ. ನಾಲ್ಕನೆಯ ದಿನದಿಂದ ಎಲ್ಲರಂತೆ ರಾತ್ರಿಗೆ ಉಣ್ಣತೊಡಗಿದೆ. ಕುಡಿಕೆ ಮಾತ್ರ ಚೆನ್ನಾಗಿ ಬೆಳೆಯುತ್ತಿತ್ತು, ಗೀರುಗಳೆಲ್ಲ ಮಾಯುತ್ತಿದ್ದವು.

ವಾರವಾಗಿರಬೇಕು. ಮಧ್ಯಾಹ್ನ ಅಂಗಳದ ಆಚೆಯಿಂದ ಈರಸಂಗಪ್ಪ ಕೈ ಬೀಸಿ ಕರೆದ. ಹೋಗಿ ಹೊಸ್ತಿಲಿನ ಈಚೆ ನಿಂತೆ. ಅವನ ಮುಖ ಇಳಿದಿತ್ತು. ಕೂಗದೆ ಅವನು ಮಾತಾಡಿದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು.

"ಚಂಪವ್ವಾ, ಎಲ್ಲಾ ಸತ್ತಾವೇನ? ಎಂಟ ದಿನಾತು, ಒಂದೂ ಸಪ್ಪಳಿಲ್ಲ. ಅಲ್ಲಿ ಗದ್ಲದಾಗ ಎದಿ ತುಂಬ ನಡುಗ್ತಿತ್ತು, ಕೇಳದಿದ್ದರೂ ಯಾರೋ ಅದಾರ ಅನಸ್ತಿತ್ತು. ಇಲ್ಲಿ ಒಬ್ಬನ ಕುಂತ್ರ ನನಗ ಹೆದರಿಕಿ ಆಗ್ತೈತಿ."

"ಯಾವುದೂ ಸತ್ತಿಲ್ಲಣ್ಣಾ. ಸತ್ತಿದ್ರ ಒಡೀತಿದ್ದುವು," ಎಂದು ಅವನ ಕಿವಿಯ ಹತ್ತಿರ ಕೂಗಿ ಹೇಳಿದೆ.

ಅವನು ನಂಬಲಿಲ್ಲ. ಒಳಗೆ ಹೋಗಿ ಒಂದು ಕುಡಿಕೆ ತಂದ. ನಾನು ಒಳಗೆ ಬರುವಂತಿಲ್ಲ, ಅದನ್ನು ಮುಟ್ಟುವಂತೆಯೂ ಇಲ್ಲ. ಅವನೇ ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲಿನ ಮೇಲಿಂದ ನನ್ನ ಕಿವಿಯ ಹತ್ತಿರ ಚಾಚಿದ. ಹಂಡೆಗಳ ಗುಡುಗು ಇನ್ನೂ ನನ್ನ ಕಿವಿಯಲ್ಲಿ ತುಂಬಿತ್ತು. ಮೊದಲು ಏನೂ ಕೇಳಿಸಲಿಲ್ಲ. ಕಣ್ಣು ಮುಚ್ಚಿ ನಿಂತೆ. ನಿಧಾನವಾಗಿ, ಬಹಳ ದೂರದಿಂದ, ಕೇಳಿಸಿತು.

"ಏನೈತಿ?"

"ಯಾರೋ ಕಸಾ ಹೊಡ್ಯಾಕತ್ತಾರ."

"ಎಷ್ಟ ಮಂದಿ?"

"ಒಬ್ಬರ."

"ಒಬ್ಬರನ?"

"ಹೂಂ. ಒಬ್ಬರ."

ಈರಸಂಗಪ್ಪ ಕುಡಿಕೆಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಕುಡಿಕೆಯೊಳಗಿನವರು ಕಸ ಹೊಡೆದು ಮುಗಿಸುವವರೆಗೂ ನಾವು ಹೊಸ್ತಿಲಿನ ಆಚೆ ಒಬ್ಬರು, ಈಚೆ ಒಬ್ಬರು ಹಾಗೆಯೇ ನಿಂತಿದ್ದೆವು.